ಭಾನುವಾರದ ಬೀಗ: ಅಮೆರಿಕದಲ್ಲಿ ತಿಂಡಿ ವ್ಯಾಪಾರಕ್ಕಿಳಿಯುವವರು ರಜಾ ದಿನ ಆರಿಸುವುದು ಹೇಗೆ

ಡಲ್ಲಾಸ್, ಎಡಿಸನ್, ಫ್ರೀಮಾಂಟ್ ಕಡೆ ಹೋಟೆಲ್ ಹಾಕಲು ಹೊರಟ ನಮ್ಮವರ ನಡುವೆ ಈ ಮಾತು ಬಂದೇ ಬರುತ್ತದೆ: ‘ಕೋಳಿ ಸ್ಯಾಂಡ್‌ವಿಚ್ ಮಾರುವ ಆ ದೊಡ್ಡ ಕಂಪನಿ ಚಿಕ್-ಫಿಲ್-ಎ ಭಾನುವಾರ ಬಾಗಿಲು ಹಾಕಿಯೂ ಅಷ್ಟು ದುಡಿಯುತ್ತದಲ್ಲ, ನಾವೂ ವಾರಕ್ಕೊಂದು ದಿನ ದೇವರಿಗೆ, ಮನೆಗೆ ಬಿಟ್ಟರೆ ಏನು ನಷ್ಟ?’ ನಷ್ಟ ಇದೆ, ಅದನ್ನು ಡಾಲರಿನಲ್ಲಿ ಎಣಿಸಲೂಬಹುದು. ಎಣಿಸಿದ ಮೇಲೂ ಮುಚ್ಚುವುದೇ ಸರಿ ಅನ್ನಿಸಿದರೆ ಧಾರಾಳವಾಗಿ ಮುಚ್ಚಿ. ಎಣಿಸದೆ ಮುಚ್ಚಬೇಡಿ. ನಂಬಿಕೆಯನ್ನು ವ್ಯಾಪಾರದೊಳಗೆ ಇಡಲು ಇರುವುದು ಮೂರು ಜಾಗ: ಕ್ಯಾಲೆಂಡರ್, ಪೊಟ್ಟಣದ ಕಾಗದ, ಅಡುಗೆಮನೆ. ಎಲ್ಲಿ ಇಟ್ಟರೆ ಯಾರ ಜೇಬಿನಿಂದ ಎಷ್ಟು ಹೋಗುತ್ತದೆ ಎಂಬುದೇ ಇಲ್ಲಿನ ಹೋಲಿಕೆ.

ಕೋಳಿ ಮಾರುವುದು ಒಗ್ಗದವರು ಮೊದಲ ಭಾಗ ಹಾರಿಸಬಹುದು ಅಂದುಕೊಂಡಿರಬಹುದು. ಹಾರಿಸಬೇಡಿ, ಲೆಕ್ಕದ ಬೇರು ಅಲ್ಲೇ ಇದೆ.

ಕ್ಯಾಲೆಂಡರಿನಲ್ಲಿ ಇಟ್ಟವರು

ಟ್ರೂಎಟ್ ಕ್ಯಾಥಿ 1946ರಲ್ಲಿ ಜಾರ್ಜಿಯಾದ ಹೇಪ್‌ವಿಲ್‌ನಲ್ಲಿ ಡ್ವಾರ್ಫ್ ಗ್ರಿಲ್ ಎಂಬ ಪುಟ್ಟ ಹೋಟೆಲ್ ತೆರೆದರು. ದಿನದ 24 ಗಂಟೆಯೂ ನಡೆಯುತ್ತಿದ್ದ ಜಾಗ ಅದು. ಮೊದಲ ವಾರದಿಂದಲೇ ಭಾನುವಾರ ಮುಚ್ಚಿದರು. ಆತ ಬ್ಯಾಪ್ಟಿಸ್ಟ್ ಪಂಥದ ಆಸ್ತಿಕ, ನಿಜ. ಆದರೆ ರಾತ್ರಿಹಗಲು ಒಲೆ ಉರಿಯುವ ಕಡೆ ಆರು ದಿನ ನಿಂತವನಿಗೆ ಏಳನೆಯ ದಿನ ಮೈ ಏಳುವುದಿಲ್ಲ ಎಂಬುದೂ ಅಷ್ಟೇ ನಿಜ. ಅಟ್ಲಾಂಟಾದ ಗ್ರೀನ್‌ಬ್ರಯರ್ ಮಾಲ್‌ನಲ್ಲಿ ಚಿಕ್-ಫಿಲ್-ಎ ಹೆಸರಿನ ಮೊದಲ ಮಳಿಗೆ ಬಂದದ್ದು 1967ರಲ್ಲಿ. ದೇವರ ಮಹಿಮೆಗಾಗಿ ದುಡಿಯುವುದು ಎಂಬ ಅರ್ಥದ ಧ್ಯೇಯವಾಕ್ಯವನ್ನು ಕಂಪನಿ ಬರೆದುಕೊಂಡದ್ದು 1982ರಲ್ಲಿ, ಮಾರಾಟ ಕುಗ್ಗಿದ್ದ ಕಾಲದಲ್ಲಿ. ಅಂದರೆ ರಜಾ ಮೊದಲು ಬಂತು, ಘೋಷಣೆ ಆಮೇಲೆ. ಈಗ ಮೂರು ಸಾವಿರಕ್ಕೂ ಹೆಚ್ಚು ಮಳಿಗೆಗಳಿವೆ, ಎಲ್ಲಕ್ಕೂ ಭಾನುವಾರ ಬೀಗ.

ವರ್ಷದ 365 ದಿನಗಳಲ್ಲಿ 52 ಭಾನುವಾರ, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್ ಕಳೆದರೆ ಉಳಿಯುವುದು 311. ಮಾಲ್‌ನ ಹೊರಗೆ ಸ್ವಂತ ಕಟ್ಟಡದಲ್ಲಿರುವ ಮಳಿಗೆಯೊಂದರ ವರ್ಷದ ಸರಾಸರಿ ಮಾರಾಟ 90 ಲಕ್ಷ ಡಾಲರ್ ಆಸುಪಾಸು. ಭಾಗಿಸಿದರೆ ತೆರೆದ ದಿನಕ್ಕೆ ಸುಮಾರು 29,000 ಡಾಲರ್. ಏಳೂ ದಿನ ತೆರೆಯುವ ಮೆಕ್‌ಡೊನಾಲ್ಡ್ಸ್ ಮಳಿಗೆಯ ಸರಾಸರಿ 40 ಲಕ್ಷದ ಹತ್ತಿರ, ದಿನಕ್ಕೆ 11,000. ಇದನ್ನು ನೋಡಿ ‘ರಜಾ ಕೊಟ್ಟದ್ದಕ್ಕೇ ದುಡಿಮೆ ಹೆಚ್ಚಿತು’ ಎನ್ನುವವರಿದ್ದಾರೆ. ಅದು ಬಾಲ ಹಿಡಿದು ಎತ್ತನ್ನು ಎಳೆದ ಹಾಗೆ. ಅಲ್ಲಿನ ಕೆಲಸ ಮಾಡುವುದು ಚಿಕ್ಕ ಮೆನು, ಕಾರಿನಿಂದ ಇಳಿಯದೆ ಕೊಳ್ಳುವ ಎರಡು ಸಾಲಿನ ಡ್ರೈವ್-ಥ್ರೂ, ಕಾರಿನ ಸಾಲಿನಲ್ಲೇ ಟ್ಯಾಬ್ಲೆಟ್ ಹಿಡಿದು ನಿಂತು ಆರ್ಡರ್ ಬರೆದುಕೊಳ್ಳುವ ಹುಡುಗರು, ಒಬ್ಬ ಆಪರೇಟರ್‌ಗೆ (ಮಳಿಗೆ ವಹಿಸಿಕೊಂಡು ನಡೆಸುವವನಿಗೆ) ಸಾಮಾನ್ಯವಾಗಿ ಒಂದೇ ಮಳಿಗೆ ಎಂಬ ನಿಯಮ. ಭಾನುವಾರದ ರಜಾ ಇವೆಲ್ಲದರ ಜೊತೆ ಕೂತಿದೆ, ಜನ ಹಿಡಿಯಲು ಮತ್ತು ಉಳಿಸಿಕೊಳ್ಳಲು ನೆರವಾಗುತ್ತದೆ. ಅಷ್ಟು ಮಾತ್ರ ಧೈರ್ಯವಾಗಿ ಹೇಳಬಹುದು.

ಇಂಥ ಮಳಿಗೆಯನ್ನು ‘ಕೊಳ್ಳುವುದು’ ಹೇಗೆ? ನಿಜವಾಗಿ ಕೊಳ್ಳುವುದೇ ಇಲ್ಲ. ಆಪರೇಟರ್ ಕಟ್ಟಬೇಕಾದ ಆರಂಭದ ಹಣ ಕೇವಲ 10,000 ಡಾಲರ್. ಜಾಗ, ಕಟ್ಟಡ, ಫ್ರೈಯರ್, ಕೌಂಟರ್ ಎಲ್ಲ ಕಂಪನಿಯದು. ಪ್ರತಿಯಾಗಿ ಒಟ್ಟು ಮಾರಾಟದ ಶೇ 15, ಮತ್ತೆ ಉಳಿದ ಲಾಭದಲ್ಲಿ ಅರ್ಧ ಕಂಪನಿಗೆ. ಮಳಿಗೆ ಮಾರಲು ಬರುವುದಿಲ್ಲ, ಮಗನಿಗೆ ಬಿಡಲೂ ಬರುವುದಿಲ್ಲ, ಜೊತೆಗೆ ಬೇರೆ ವ್ಯಾಪಾರ ಇಟ್ಟುಕೊಳ್ಳುವಂತಿಲ್ಲ, ದಿನವೂ ತಾನೇ ನಿಲ್ಲಬೇಕು. ಆಪರೇಟರ್ ಕ್ರೈಸ್ತನೇ ಆಗಿರಬೇಕೆಂಬ ಷರತ್ತಿಲ್ಲ. ಅರ್ಜಿಗಳು ಸಾವಿರಗಟ್ಟಲೆ, ಆಯ್ಕೆಯಾಗುವವರು ತೀರ ಕಡಿಮೆ. ಇಲ್ಲಿ ಗಮನಿಸಬೇಕಾದ್ದು ಒಂದೇ: ಭಾನುವಾರದ ನಷ್ಟವನ್ನು ಮುಖ್ಯವಾಗಿ ಹೊರುವುದು ಜಾಗದ ಮೇಲೆ ಬಂಡವಾಳ ಹಾಕಿದ ಕಂಪನಿ. ಸಾಲ ತೆಗೆದು ಅಂಗಡಿ ಕಟ್ಟಿದವನ ಬಡ್ಡಿ ಭಾನುವಾರವೂ ಓಡುತ್ತಿರುತ್ತದೆ. ಆಪರೇಟರ್‌ಗೆ ಆ ಬಡ್ಡಿಯಿಲ್ಲ.

ಇನ್ನೊಂದು ವಿಷಯ ಬಿಡಿಸಿ ಹೇಳಬೇಕು. 2012ರಲ್ಲಿ ಟ್ರೂಎಟ್‌ರ ಮಗ, ಕಂಪನಿಯ ಆಗಿನ ಅಧ್ಯಕ್ಷ ಡ್ಯಾನ್ ಕ್ಯಾಥಿ ಸಲಿಂಗ ವಿವಾಹದ ವಿರುದ್ಧ ಆಡಿದ ಮಾತಿನಿಂದ ಬಹಿಷ್ಕಾರವೂ ಎದ್ದಿತು, ಬೆಂಬಲಿಗರ ಉದ್ದುದ್ದ ಸಾಲೂ ನಿಂತಿತು. ಕೊನೆಗೆ 2019ರಲ್ಲಿ ಕಂಪನಿ ಟೀಕೆಗೆ ಸಿಕ್ಕಿದ್ದ ತನ್ನ ದಾನದ ಪಟ್ಟಿಯನ್ನೇ ಬದಲಿಸಿತು. ಆ ಜಗಳ ಹೊತ್ತಿದ್ದು ಮಾತು ಮತ್ತು ದಾನದಿಂದ, ಭಾನುವಾರದ ರಜೆಯಿಂದಲ್ಲ. ಬೀಗ ಯಾರನ್ನೂ ಬೈಯುವುದಿಲ್ಲ. ನಂಬಿಕೆಯನ್ನು ಎದ್ದು ಕಾಣುವಂತೆ ಇಡಬೇಕೆನ್ನುವವರಿಗೆ ಇದು ನೆನಪಿನಲ್ಲಿರಲಿ.

ಕಾಗದದಲ್ಲಿ ಇಟ್ಟವರು

1948ರಲ್ಲಿ ಕ್ಯಾಲಿಫೋರ್ನಿಯಾದ ಬಾಲ್ಡ್‌ವಿನ್ ಪಾರ್ಕ್‌ನಲ್ಲಿ ಶುರುವಾದ ಇನ್-ಎನ್-ಔಟ್ ಬರ್ಗರ್ ಭಾನುವಾರವೂ ತೆರೆದಿರುತ್ತದೆ. ತಂಪು ಪಾನೀಯದ ಲೋಟ ಎತ್ತಿ ತಳ ನೋಡಿದರೆ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬೈಬಲಿನ ಯೋಹಾನ 3:16 ಎಂಬ ಉಲ್ಲೇಖ. ಮಿಲ್ಕ್‌ಶೇಕ್ ಲೋಟದಲ್ಲಿ ಜ್ಞಾನೋಕ್ತಿ 3:5, ಡಬಲ್-ಡಬಲ್ ಬರ್ಗರ್‌ನ ಹೊದಿಕೆಯಲ್ಲಿ ನಹೂಮ 1:7. ವಚನದ ಮಾತಿಲ್ಲ, ಅಧ್ಯಾಯ ಮತ್ತು ವಚನದ ಸಂಖ್ಯೆ ಮಾತ್ರ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಉಳಿದವರು ಲೋಟ ಎಸೆದು ಹೋಗುತ್ತಾರೆ. ಖರ್ಚು ಮುದ್ರಣದ ಒಂದು ಗೆರೆ. ಈಸ್ಟರ್, ಥ್ಯಾಂಕ್ಸ್‌ಗಿವಿಂಗ್, ಕ್ರಿಸ್ಮಸ್ ದಿನ ಮಾತ್ರ ಬಾಗಿಲು ಹಾಕುತ್ತಾರೆ. ಫ್ರಾಂಚೈಸಿ ಕೊಡುವುದೇ ಇಲ್ಲವಾದ್ದರಿಂದ ಇದು ಕೊಳ್ಳುವ ಆಯ್ಕೆಯಲ್ಲ, ನೋಡಿ ಕಲಿಯುವ ಆಯ್ಕೆ: ಬಿಲ್ಲಿನ ತುದಿಯಲ್ಲಿ ಬಸವಣ್ಣನ ಒಂದು ಸಾಲೋ ದಾಸರ ಒಂದು ಪದವೋ ಹಾಕಿದರೆ ಯಾವ ದಿನದ ವ್ಯಾಪಾರವೂ ಹೋಗುವುದಿಲ್ಲ. ಆದರೆ ಅದರಿಂದ ಕೆಲಸಗಾರನಿಗೆ ಒಂದು ದಿನದ ನಿದ್ದೆಯೂ ಸಿಗುವುದಿಲ್ಲ.

ಮಾಮೂಲಿ ಫ್ರಾಂಚೈಸಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೆಕ್‌ಡೊನಾಲ್ಡ್ಸ್‌ಗೆ 45,000 ಡಾಲರ್ ಶುಲ್ಕ, ಸಾಲವಲ್ಲದ ಐದು ಲಕ್ಷ ಡಾಲರ್ ಕೈಯಲ್ಲಿರಬೇಕು. ಸಬ್‌ವೇಗೆ 15,000 ಶುಲ್ಕ, ಮಾರಾಟದ ಮೇಲೆ ಶೇ 8 ರಾಯಲ್ಟಿ, ಶೇ 4.5 ಜಾಹೀರಾತಿಗೆ. ತೆರೆಯುವ ದಿನ, ಹೊತ್ತು ಒಪ್ಪಂದದಲ್ಲೇ ಇರುತ್ತದೆ. ವಾರಕ್ಕೊಂದು ದಿನ ಮುಚ್ಚುವ ಆಸೆಯಿದ್ದವರು ಈ ಬಾಗಿಲು ತಟ್ಟದಿರುವುದು ಒಳ್ಳೆಯದು.

ಸ್ವಂತ ಅಂಗಡಿ: ಭಾನುವಾರವೋ ಸೋಮವಾರವೋ

ಇಲ್ಲಿದೆ ನಿಜವಾದ ಆಯ್ಕೆ. ವಾರಕ್ಕೆ 30,000 ಡಾಲರ್ ಮಾರುವ ಒಂದು ದಕ್ಷಿಣ ಭಾರತದ ತಿಂಡಿ ಹೋಟೆಲ್ ಅಂದುಕೊಳ್ಳಿ. ಸೋಮವಾರ 2,500, ಮಂಗಳವಾರ 3,000, ಬುಧವಾರ 3,200, ಗುರುವಾರ 3,600, ಶುಕ್ರವಾರ 5,200, ಶನಿವಾರ 6,500, ಭಾನುವಾರ 6,000. ಅಂಕಿ ನಿಮ್ಮದು ಬೇರೆ ಇರುತ್ತದೆ, ಆಕಾರ ಮಾತ್ರ ಇದೇ: ದೇವಸ್ಥಾನಕ್ಕೆ ಬಂದವರು, ಮಕ್ಕಳ ಕನ್ನಡ ಕಲಿ ತರಗತಿ ಮುಗಿಸಿದವರು, ವಾರದ ಸಾಮಾನಿಗೆ ಹೊರಟವರು ಎಲ್ಲ ಭಾನುವಾರವೇ ಬರುವುದು. ಚರ್ಚು ಬಿಟ್ಟು ಊಟಕ್ಕೆ ಹೋಗುವ ಜನರನ್ನು ಚಿಕ್-ಫಿಲ್-ಎ ಬಿಟ್ಟುಕೊಟ್ಟಿತಲ್ಲ, ನೀವು ಬಿಟ್ಟುಕೊಡುವುದು ದೇವಸ್ಥಾನ ಬಿಟ್ಟು ಬರುವವರನ್ನು.

ಭಾನುವಾರ ಮುಚ್ಚಿದರೆ ಆ 6,000ದಲ್ಲಿ ಸ್ವಲ್ಪ ಶನಿವಾರಕ್ಕೆ, ಸೋಮವಾರಕ್ಕೆ ಸರಿಯುತ್ತದೆ. ಶೇ 30 ಸರಿಯಿತು ಅನ್ನೋಣ. ಕೈ ತಪ್ಪಿದ್ದು 4,200. ಅದರಲ್ಲಿ ದಿನಸಿ ಶೇ 30, ಪೊಟ್ಟಣ ಮತ್ತು ಕಾರ್ಡಿನ ಖರ್ಚು ಶೇ 6 ಹೇಗೂ ಉಳಿಯುತ್ತದೆ. ನಿಜವಾಗಿ ಹೋದದ್ದು 2,688. ಆರು ಜನರಿಗೆ ಒಂಬತ್ತು ಗಂಟೆ, ಗಂಟೆಗೆ 17 ಡಾಲರಿನಂತೆ ಕೊಡಬೇಕಿದ್ದ ಸಂಬಳ ತೆರಿಗೆ ಸೇರಿ ಸುಮಾರು 1,000 ಉಳಿಯಿತು. ವಾರಕ್ಕೆ ನಿವ್ವಳ ನಷ್ಟ 1,688, ವರ್ಷಕ್ಕೆ 88,000 ಡಾಲರ್ ಹತ್ತಿರ.

ಅದೇ ಸೋಮವಾರ ಮುಚ್ಚಿ ನೋಡಿ. 2,500ರಲ್ಲಿ ಶೇ 40 ಬೇರೆ ದಿನಕ್ಕೆ ಸರಿದರೆ ತಪ್ಪಿದ್ದು 1,500. ದಿನಸಿ, ಪೊಟ್ಟಣ ಕಳೆದು 960. ನಾಲ್ಕು ಜನರ ಸಂಬಳ 670 ಉಳಿಯಿತು. ವಾರಕ್ಕೆ 290, ವರ್ಷಕ್ಕೆ 15,000. ಎರಡರ ನಡುವಿನ 73,000 ಡಾಲರ್ ಭಾನುವಾರ ಎಂಬ ಹೆಸರಿನ ಬೆಲೆ. ವಿಶ್ರಾಂತಿ ಎರಡರಲ್ಲೂ ಒಂದೇ ದಿನ. ಭಾನುವಾರವೇ ನಿಮಗೆ ಪವಿತ್ರವಾದರೆ ಈ ಬೆಲೆ ಕೊಡಿ. ಹಾಗಿಲ್ಲದೆ ಬರೀ ಚಿಕ್-ಫಿಲ್-ಎ ಹೆಸರು ಕೇಳಿ ಭಾನುವಾರ ಮುಚ್ಚುವುದು ದುಬಾರಿ ಅನುಕರಣೆ. ಬೆಂಗಳೂರಿನವರಿಗಂತೂ ಇದು ಹೊಸದಲ್ಲ: ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಸೋಮವಾರ ರಜಾ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ. ಭಾನುವಾರ ಬೆಳಿಗ್ಗೆ ಎರಡೂ ಕಡೆ ಸಾಲು.

ಲೆಕ್ಕದಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಬಾಡಿಗೆಯದು. ‘ತಿಂಗಳಿಗೆ 9,000 ಬಾಡಿಗೆ, ಮುಚ್ಚಿದ ದಿನಕ್ಕೂ 300 ದಂಡ’ ಎಂದು ಅದನ್ನೂ ನಷ್ಟಕ್ಕೆ ಸೇರಿಸುತ್ತಾರೆ. ಬಾಡಿಗೆ ತೆರೆದರೂ ಅಷ್ಟೇ, ಮುಚ್ಚಿದರೂ ಅಷ್ಟೇ. ಹೋದ ಮಾರಾಟದಲ್ಲಿ ಅದು ಆಗಲೇ ಎಣಿಕೆಯಾಗಿದೆ.

ಸರಿಯುವ ಪಾಲನ್ನು ಊಹಿಸುವ ಬದಲು ಅಳೆಯಬಹುದು. ಎಂಟು ವಾರ ಭಾನುವಾರ ಮಾತ್ರ ಮುಚ್ಚಿ, ಹಿಂದಿನ ಎಂಟು ವಾರಗಳ ಶನಿವಾರ-ಸೋಮವಾರಗಳ ಜೊತೆ ಹೋಲಿಸಿ. ದೀಪಾವಳಿ, ನವರಾತ್ರಿ, ಶಾಲೆಯ ರಜೆ ಬೀಳದ ಕಾಲ ಆರಿಸಿಕೊಳ್ಳಿ, ಇಲ್ಲದಿದ್ದರೆ ಅಂಕಿ ನಂಬಲಾಗದು.

ಹಿಟ್ಟು ಕೇಳುವುದಿಲ್ಲ

ಕೋಳಿ ಸ್ಯಾಂಡ್‌ವಿಚ್‌ಗೂ ಇಡ್ಲಿಗೂ ಇರುವ ವ್ಯತ್ಯಾಸ ರಜೆಯ ಮರುದಿನ ಬೆಳಿಗ್ಗೆ ಗೊತ್ತಾಗುತ್ತದೆ. ಕೋಳಿ ಫ್ರಿಜ್‌ನಲ್ಲಿ ಕಾಯುತ್ತದೆ, ಬಂದ ಮೇಲೆ ಹಿಟ್ಟಿನಲ್ಲಿ ಹೊರಳಿಸಿ ಕರಿದರಾಯಿತು. ಇಡ್ಲಿಗೆ ಉದ್ದು ನಾಲ್ಕೈದು ಗಂಟೆ ನೆನೆಯಬೇಕು, ರುಬ್ಬಬೇಕು, ಎಂಟರಿಂದ ಹನ್ನೆರಡು ಗಂಟೆ ಹುಳಿ ಬರಬೇಕು. ಸೋಮವಾರ ಬೆಳಿಗ್ಗೆ ಏಳಕ್ಕೆ ಇಡ್ಲಿ ಬೇಕೆಂದರೆ ಭಾನುವಾರ ಸಂಜೆ ಯಾರೋ ಒಬ್ಬರು ಗ್ರೈಂಡರ್ ಮುಂದೆ ನಿಲ್ಲಲೇಬೇಕು. ಹಾಗೆ ನಿಂತರೆ ಅವರಿಗೆ ರಜಾ ಎಲ್ಲಿ ಬಂತು? ಬಾಗಿಲಿಗೆ ಬೀಗ, ಹಿಂದಿನಿಂದ ಗ್ರೈಂಡರ್ ಸದ್ದು. ಬಹಳ ಕಡೆ ‘ವಾರದ ರಜಾ’ ಎಂದರೆ ಇದೇ.

ಶನಿವಾರ ರಾತ್ರಿ ಹಿಟ್ಟು ಉಬ್ಬಿಸಿ, 41 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿನ ವಾಕ್-ಇನ್ ಕೂಲರ್‌ನಲ್ಲಿ ಇಟ್ಟು ಸೋಮವಾರ ತೆಗೆಯಬಹುದೆ? ದೋಸೆಗೆ ತೆಗೆಯಬಹುದು. ತುಸು ಹುಳಿ ಜಾಸ್ತಿಯಾದರೂ ಕೆಂಪಗೆ ಗರಿಗರಿಯಾಗಿ ಏಳುತ್ತದೆ. ಇಡ್ಲಿಗೆ ಅಷ್ಟು ಒಗ್ಗುವುದಿಲ್ಲ. ಹಿಟ್ಟಿನೊಳಗಿನ ಗಾಳಿ ಇಳಿದುಹೋದರೆ ತಟ್ಟೆಯಲ್ಲಿ ಚಪ್ಪಟೆ ಬಿಲ್ಲೆ ಏಳುತ್ತದೆ. ಸೋಡಾ ಹಾಕಿ ಉಬ್ಬಿಸಿದರೆ ಹಳದಿ ಬಣ್ಣ, ಸೋಪಿನ ವಾಸನೆ, ತಿಂದವರು ಮತ್ತೆ ಬರುವುದಿಲ್ಲ. ಇದಕ್ಕಿರುವ ಸರಳ ದಾರಿ ಮರುದಿನ ಬೆಳಗಿನ ಮೆನುವನ್ನೇ ಬದಲಿಸುವುದು: ಹನ್ನೊಂದಕ್ಕೆ ತೆರೆಯಿರಿ, ಪೂರಿ, ಉಪ್ಪಿಟ್ಟು, ಕೇಸರಿಬಾತ್, ಬಿಸಿಬೇಳೆಬಾತ್, ಸೆಟ್ ದೋಸೆಯ ಬದಲು ಗರಿ ದೋಸೆ. ‘ಇಡ್ಲಿ ನಾಳೆಯಿಂದ’ ಎಂಬ ಹಲಗೆಗೆ ಜನ ಒಂದು ತಿಂಗಳಲ್ಲಿ ಒಗ್ಗಿಕೊಳ್ಳುತ್ತಾರೆ.

ರಜೆಯ ಹಿಂದಿನ ರಾತ್ರಿ ಉಳಿದ ಸಾಂಬಾರಿಗೂ ನಿಯಮವಿದೆ. 135 ಡಿಗ್ರಿಯಿಂದ 70ಕ್ಕೆ ಎರಡು ಗಂಟೆಯೊಳಗೆ, ಅಲ್ಲಿಂದ 41ಕ್ಕೆ ಇನ್ನು ನಾಲ್ಕು ಗಂಟೆಯೊಳಗೆ ಇಳಿಯಬೇಕು. ದೊಡ್ಡ ಪಾತ್ರೆಯಲ್ಲೇ ಕೂಲರ್‌ಗೆ ತಳ್ಳಿ ಮನೆಗೆ ಹೋದರೆ ನಡುಭಾಗ ರಾತ್ರಿಯಿಡೀ ಬೆಚ್ಚಗಿರುತ್ತದೆ. ಎರಡಿಂಚು ಆಳದ ಟ್ರೇಗಳಿಗೆ ಹಂಚಿ. ತಯಾರಿಸಿದ ದಿನದಿಂದಲೇ ಎಣಿಕೆ, ಏಳು ದಿನ ದಾಟುವಂತಿಲ್ಲ. ಮುಚ್ಚಿದ ದಿನವೂ ಎಣಿಕೆಯಲ್ಲಿ ಸೇರುತ್ತದೆ.

ಅಡುಗೆಮನೆಯಲ್ಲಿ ಇಟ್ಟವರು

ಉಡುಪಿ ಹೋಟೆಲಿನ ಪರಂಪರೆ ನಂಬಿಕೆಯನ್ನು ಕ್ಯಾಲೆಂಡರಿನಲ್ಲಿ ಇಡಲಿಲ್ಲ, ಪಾತ್ರೆಯಲ್ಲಿ ಇಟ್ಟಿತು: ಮಾಂಸವಿಲ್ಲ, ಮಡಿಯ ಕಡೆ ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಅಮೆರಿಕದಲ್ಲಿ ಇದಕ್ಕೆ ಒಂದು ವಿಚಿತ್ರ ಲಾಭ ಸಿಕ್ಕಿದೆ. ಮ್ಯಾನ್‌ಹಟನ್‌ನ ಲೆಕ್ಸಿಂಗ್‌ಟನ್ ಅವೆನ್ಯೂನ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲ್‌ಗಳಲ್ಲಿ ಕೆಲವು ಕೋಷರ್ ಪ್ರಮಾಣಪತ್ರ, ಅಂದರೆ ಅಡುಗೆ ಯಹೂದಿಗಳ ಆಹಾರ ನಿಯಮಕ್ಕೆ ಹೊಂದುತ್ತದೆಂಬ ಪತ್ರ ಪಡೆದವು. ಮಾಂಸವೇ ಇಲ್ಲದಿದ್ದರೆ ಹಾಲು-ಮಾಂಸ ಬೆರೆಸಬಾರದೆಂಬ ನಿಯಮದ ದೊಡ್ಡ ತೊಡಕೇ ಇರುವುದಿಲ್ಲ.

ಆದರೂ ಕೆಲಸವಿದೆ. ಮೇಲ್ವಿಚಾರಕ ಬರುತ್ತಾನೆ, ಒಲೆ ಹೊತ್ತಿಸುವುದರಲ್ಲಿ ಅವನ ಕೈ ಇರಬೇಕಾಗುತ್ತದೆ, ಕೊತ್ತಂಬರಿ ಸೊಪ್ಪನ್ನು ಹುಳುವಿಗಾಗಿ ಎಲೆ ಎಲೆ ತೊಳೆದು ನೋಡಬೇಕು. ಯಹೂದಿ ಮಾಲೀಕನ ಕೋಷರ್ ಹೋಟೆಲ್ ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಮುಚ್ಚಿ ಶನಿವಾರ ಕತ್ತಲಾಗುವವರೆಗೆ ತೆರೆಯುವಂತಿಲ್ಲ. ಮಾಲೀಕ ಯಹೂದಿಯಲ್ಲದಿದ್ದರೆ ಶನಿವಾರ ತೆರೆದಿರಲು ಕೆಲವು ಸಂಸ್ಥೆಗಳು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ. ಶುಲ್ಕ ಕಟ್ಟುವ ಮೊದಲು ಇದನ್ನು ಬರಹದಲ್ಲಿ ಕೇಳಿ.

ಯಹೂದಿಗಳ ಈ ವಾರದ ವಿಶ್ರಾಂತಿಯನ್ನು (ಶಬ್ಬತ್) ಪಾಲಿಸಬೇಕಾಗಿ ಬಂದರೆ ನಷ್ಟ ಋತುವಿನ ಜೊತೆ ತಿರುಗುತ್ತದೆ. ನ್ಯೂಯಾರ್ಕ್‌ನಲ್ಲಿ ಡಿಸೆಂಬರ್‌ನ ಸೂರ್ಯ ನಾಲ್ಕೂವರೆಗೇ ಮುಳುಗುತ್ತಾನೆ: ಶುಕ್ರವಾರದ ರಾತ್ರಿ ಊಟ ಪೂರ್ತಿ ಹೋಯಿತು, ಆದರೆ ಶನಿವಾರ ಸಂಜೆ ಏಳರ ಹೊತ್ತಿಗೆ ಮತ್ತೆ ತೆರೆಯಬಹುದು. ಜೂನ್‌ನಲ್ಲಿ ಎಂಟೂವರೆ: ಶುಕ್ರವಾರ ಸಂಜೆಯ ಸ್ವಲ್ಪ ವ್ಯಾಪಾರ ಉಳಿಯುತ್ತದೆ, ಶನಿವಾರ ರಾತ್ರಿಯದು ಹೋಗುತ್ತದೆ. ಭಾನುವಾರದ ರಜೆಗಿಂತ ಇದನ್ನು ಸಿಬ್ಬಂದಿಯ ಪಟ್ಟಿಗೆ ಹೊಂದಿಸುವುದು ಕಷ್ಟ, ವಾರವಾರವೂ ಹೊತ್ತು ಬದಲಾಗುತ್ತದೆ.

ಸಹಿ ಹಾಕುವ ಮೊದಲು

ಬಾಡಿಗೆ ಕರಾರಿನಲ್ಲಿ ಎರಡು ಜಾಗ ಹುಡುಕಿ. ಮೊದಲನೆಯದು ನಿರಂತರ ವ್ಯಾಪಾರದ ಷರತ್ತು, ಅಂದರೆ ಮಾಲ್ ತೆರೆದಿರುವಷ್ಟು ಹೊತ್ತೂ ನೀವೂ ತೆರೆದಿರಬೇಕು. ಮುಚ್ಚಿದ ದಿನಕ್ಕೆ ದಂಡ ಇರಬಹುದು. ಎರಡನೆಯದು ಮಾರಾಟದ ಶೇಕಡಾವಾರು ಬಾಡಿಗೆ. ಮಾಲೀಕನಿಗೆ ನಿಮ್ಮ ಭಾನುವಾರದಲ್ಲಿ ಪಾಲಿದ್ದರೆ ಅವನು ಸುಮ್ಮನೆ ಬಿಡುವುದಿಲ್ಲ. ವಾರದ ರಜೆಯ ಮಾತನ್ನು ಮೊದಲ ಪತ್ರದಲ್ಲೇ ಎತ್ತಿ. ಕರಾರಿಗೆ ಸಹಿ ಬಿದ್ದ ಮೇಲೆ ಬೇಡಿದರೆ ಬೆಲೆ ಏರುತ್ತದೆ.

ಹೆದ್ದಾರಿ, ವಿಮಾನ ನಿಲ್ದಾಣ, ಕ್ರೀಡಾಂಗಣ ಬೇಡವೇ ಬೇಡ. ನ್ಯೂಯಾರ್ಕ್ ಥ್ರೂವೇ ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಚಿಕ್-ಫಿಲ್-ಎ ಬಂದ ಮೇಲೆ, ಅಲ್ಲಿನ ಹೋಟೆಲ್‌ಗಳು ವಾರವಿಡೀ ತೆರೆದಿರಬೇಕೆಂಬ ಮಸೂದೆಯನ್ನೇ 2023ರ ಡಿಸೆಂಬರ್‌ನಲ್ಲಿ ತಂದರು. ಅಟ್ಲಾಂಟಾದ ಮರ್ಸಿಡಿಸ್-ಬೆಂಜ್ ಕ್ರೀಡಾಂಗಣದಲ್ಲಿ ಅಮೆರಿಕನ್ ಫುಟ್‌ಬಾಲ್ ಪಂದ್ಯ ಹೆಚ್ಚಾಗಿ ಭಾನುವಾರವೇ. ಅಲ್ಲಿ ಬಾಗಿಲು ಹಾಕಿಕೊಂಡ ಮಳಿಗೆ ಜನರ ನಗೆಗೂ ವಸ್ತುವಾಯಿತು.

ಇದಕ್ಕೆ ತಿರುಗುಮುರುಗಾದ ಜಾಗವೂ ಒಂದಿದೆ. ನ್ಯೂಜೆರ್ಸಿಯ ಬರ್ಗನ್ ಕೌಂಟಿಯಲ್ಲಿ ಬಟ್ಟೆ, ಪೀಠೋಪಕರಣದಂಥ ಅಂಗಡಿಗಳು ಭಾನುವಾರ ಮುಚ್ಚಬೇಕೆಂಬ ಹಳೆಯ ಕಾನೂನು ಈಗಲೂ ಇದೆ. ಊಟದ ಜಾಗಗಳಿಗೆ ವಿನಾಯಿತಿಯಿದ್ದರೂ ಅಲ್ಲಿನ ಪರಾಮಸ್ ಊರಿನ ಮಾಲ್‌ಗಳಲ್ಲಿ ಆ ದಿನ ಕೊಳ್ಳುವವರ ಓಡಾಟವಿಲ್ಲ. ಭಾನುವಾರ ಮುಚ್ಚಲೇಬೇಕೆನ್ನುವವರಿಗೆ ಅಲ್ಲಿನ ಫುಡ್ ಕೋರ್ಟ್‌ಗಿಂತ ಕಡಿಮೆ ನಷ್ಟದ ಜಾಗ ಸಿಗಲಿಕ್ಕಿಲ್ಲ.

ಕಾನೂನಿನ ಕಡೆ: ನಿಮ್ಮ ನಂಬಿಕೆಗಾಗಿ ಅಂಗಡಿ ಮುಚ್ಚುವುದು ನಿಮ್ಮ ಹಕ್ಕು, ಕೆಲಸಗಾರರ ನಂಬಿಕೆ ನೋಡಿ ತೆಗೆದುಕೊಳ್ಳುವುದು ಅಲ್ಲ. 15 ಅಥವಾ ಹೆಚ್ಚು ನೌಕರರಿದ್ದರೆ 1964ರ ನಾಗರಿಕ ಹಕ್ಕುಗಳ ಕಾಯ್ದೆ ಅನ್ವಯಿಸುತ್ತದೆ. ಭಾನುವಾರ ದುಡಿಯಲಾರೆನೆಂದ ಅಂಚೆ ನೌಕರನ ಮೊಕದ್ದಮೆಯಲ್ಲಿ, 2023ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ನಿಯಮ ಬಿಗಿ ಮಾಡಿತು: ಧಾರ್ಮಿಕ ರಜೆ ನಿರಾಕರಿಸಬೇಕಾದರೆ ವ್ಯಾಪಾರಕ್ಕೆ ಗಣನೀಯ ಹೊರೆಯಾಗುತ್ತದೆಂದು ಮಾಲೀಕ ತೋರಿಸಬೇಕು. ಸೋಮವಾರ ಮುಚ್ಚುವವರಿಗೆ ಇದು ಹೆಚ್ಚು ತಾಗುತ್ತದೆ, ಚರ್ಚಿಗೆ ಹೋಗುವ ಕೆಲಸಗಾರ ಭಾನುವಾರದ ಪಾಳಿ ಬೇಡ ಅನ್ನಬಹುದು. ಭಾನುವಾರ ಮುಚ್ಚುವವರೂ ಪಾರಾಗಲಿಲ್ಲ: ಅಡ್ವೆಂಟಿಸ್ಟ್ ಪಂಥದವರಿಗೆ ಶನಿವಾರ ಬೇಕು, ಮುಸ್ಲಿಮರಿಗೆ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತು ಬೇಕು. ಪಾಳಿ ಅದಲುಬದಲು ಮಾಡುವ ಪಟ್ಟಿಯನ್ನು ಗೋಡೆಗೆ ಅಂಟಿಸಿಡಿ, ಕೇಳಿದ್ದು, ಕೊಟ್ಟದ್ದು ಬರೆದಿಡಿ.

ಕೊನೆಗೆ ವಿನಾಯಿತಿಗಳು, ರಜಾ ಕೆಡುವುದೇ ಇಲ್ಲಿ. ಮೊದಲ ವರ್ಷದಲ್ಲೇ ಯಾರದೋ ಉಪನಯನ, ಸೀಮಂತ, ‘ಈ ಒಂದು ಭಾನುವಾರ ಮಾತ್ರ’ ಎಂದು 200 ಎಲೆಯ ಆರ್ಡರ್ ಬರುತ್ತದೆ. ಚಿಕ್-ಫಿಲ್-ಎ ಭಾನುವಾರ ಒಲೆ ಹೊತ್ತಿಸಿದ ಸಂದರ್ಭಗಳನ್ನು ನೋಡಿ: 2016ರ ಜೂನ್‌ನಲ್ಲಿ ಒರ್ಲ್ಯಾಂಡೊ ನೈಟ್‌ಕ್ಲಬ್‌ನ ಗುಂಡಿನ ದಾಳಿಯ ಬಳಿಕ ರಕ್ತ ಕೊಡಲು ಸಾಲು ನಿಂತವರಿಗೆ, 2017ರ ಡಿಸೆಂಬರ್ 17ರಂದು ಕರೆಂಟು ಹೋಗಿ ಅಟ್ಲಾಂಟಾ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರಿಗೆ. ಎರಡೂ ಸಲ ಊಟ ಕೊಟ್ಟರು, ಮಾರಲಿಲ್ಲ. ನೀವೂ ಅದೇ ಗೆರೆ ಎಳೆದುಕೊಳ್ಳಿ: ರಜಾ ದಿನ ಗಲ್ಲಾಪೆಟ್ಟಿಗೆ ತೆರೆಯುವ ಹಾಗಿದ್ದರೆ ಒಲೆ ಹೊತ್ತಿಸುವುದಿಲ್ಲ.

ಬೋರ್ಡು ಬರೆಸುವ ಮುನ್ನ ಡೋರ್‌ಡ್ಯಾಶ್, ಉಬರ್ ಈಟ್ಸ್‌ನಂಥ ಡೆಲಿವರಿ ಆ್ಯಪ್‌ಗಳ ಟ್ಯಾಬ್ಲೆಟ್‌ಗಳಲ್ಲಿ ಆ ದಿನದ ಹೊತ್ತನ್ನು ಪೂರ್ತಿ ತೆಗೆದುಹಾಕಿ. ಬರೀ ‘ವಿರಾಮ’ ಒತ್ತಿ ಬಿಟ್ಟರೆ ಅದು ಕೆಲ ಹೊತ್ತಿನ ಬಳಿಕ ತಾನೇ ಕಳಚಿಕೊಳ್ಳಬಹುದು. ಆಗ ಬೀಗ ಹಾಕಿದ ಅಡುಗೆಮನೆಯಲ್ಲಿ ಮಸಾಲೆ ದೋಸೆಯ ಆರ್ಡರ್‌ಗಳು ಕೂಗಿಕೊಳ್ಳುತ್ತಿರುತ್ತವೆ, ಡ್ರೈವರ್ ಬಾಗಿಲು ಬಡಿಯುತ್ತಿರುತ್ತಾನೆ. ಸೋಮವಾರ ಬಂದು ನೋಡಿದರೆ ರದ್ದಾದ ಆರ್ಡರ್‌ಗಳಿಂದ ರೇಟಿಂಗ್ ಇಳಿದಿರುತ್ತದೆ.